ನಲವತ್ತು ದಿನಗಳ ಬೇಸಾಯ

2024ರ ಮಾರ್ಚಿ ತಿಂಗಳ ಒಂದು ಶನಿವಾರ ಸಂಜೆ ನಮ್ಮ ಸಂಘದ ಮಾಸಿಕ ಕೂಟ ನಡೆದಿತ್ತು. ಉಪನ್ಯಾಸ ಮುಗಿದು ಫಲಾಹಾರದ ತಟ್ಟೆಗಳು ಬಂದುವು. ಆಂಬೊಡೆಯೂ ಇತ್ತು, ಕೇಸರಿಭಾತೂ ಇತ್ತು. ನಾವು ಕಾಫಿಯನ್ನಷ್ಟೆ ತೆಗೆದುಕೊಂಡು ತಟ್ಟೆಯನ್ನು ಮುಂದಕ್ಕೆ ಸಾಗಿಸಿದೆವು. ನಮ್ಮ ಎಡಗಡೆ ಕುಳಿತಿದ್ದ ವಿಜಾಪುರದ ಸಾಹೇಬರು ತಟ್ಟೆಯನ್ನೂ ಮುಟ್ಟಲಿಲ್ಲ, ಕಾಫಿಯನ್ನೂ ಮುಟ್ಟಲಿಲ್ಲ. ಅವರಿಗೆ ರಂಜಾನಿನ ರೋಜಾ. ಸೂರ್ಯ ಇನ್ನೂ ಮುಳುಗಿರಲಿಲ್ಲ. ಬಲಗಡೆ ಇದ್ದ ಧಾರವಾಡದ ಹಿರಿಯರು ನಮ್ಮಿಬ್ಬರನ್ನೂ ನೋಡಿ, "ಅವರದು ಗೊತ್ತದ. ನಿಮ್ಮದೇನ್ರೀ? ಇವತ್ತು ಏಕಾದಶಿ ಅಲ್ಲಲ್ಲಾ?" ಎಂದು ನಕ್ಕರು.

"ನಮಗೆ ಈಗ ತಪಸ್ಸುಕಾಲ" ಎಂದೆವು.

"ಹೌದೇನು? ಹಂಗಾದ್ರ ಏನೇನು ಬಿಟ್ಟೀರಿ?"

ನಾವು ಸ್ವಲ್ಪ ಹೆಮ್ಮೆಯಿಂದಲೇ ಪಟ್ಟಿಯನ್ನು ಒಪ್ಪಿಸಿದೆವು. ಮಾಂಸ ಬಿಟ್ಟಿದ್ದೇವೆ, ಸಿಹಿ ಬಿಟ್ಟಿದ್ದೇವೆ, ಸಿನಿಮಾ ಬಿಟ್ಟಿದ್ದೇವೆ, ಶುಕ್ರವಾರ ಒಪ್ಪೊತ್ತು ಮಾಡುತ್ತೇವೆ ಎಂದೆಲ್ಲ ಹೇಳಿದೆವು. ಹಿರಿಯರು ತಲೆದೂಗಿ ಕೇಳಿ, "ಬಿಟ್ಟದ್ದು ತಿಳೀತು. ಹಿಡದದ್ದೇನು?" ಎಂದರು. ನಮಗೆ ಉತ್ತರ ಹೊಳೆಯಲಿಲ್ಲ. ಅವರು ಒಕ್ಕಲು ಮನೆತನದವರು. "ಹೊಲದಾಗಿನ ಕಳೆ ಕಿತ್ತರ ಸಾಲದಲ್ರೀ, ಬಿತ್ತಬೇಕಲ್ಲ?" ಎಂದು ಹೇಳಿ ತಮ್ಮ ಆಂಬೊಡೆಯ ಕಡೆಗೆ ತಿರುಗಿದರು.

ಅವರು ಆಡಿದ್ದು ತಮಾಷೆಗೆ. ಆದರೆ ಆ ಮಾತು ನಮ್ಮ ಬೆನ್ನು ಬಿಡಲಿಲ್ಲ. ಕ್ರೈಸ್ತರ ಈ ನಲವತ್ತು ದಿನಗಳ ವ್ರತ ಎಂದರೇನು, ಅದು ಬರಿಯ ಬಿಡುವಿಕೆಯೆ ಅಥವಾ ಅದರಲ್ಲಿ ಬಿತ್ತುವುದೂ ಉಂಟೆ ಎಂಬುದನ್ನು ನಮ್ಮ ಸಂಘದ ಬಾಂಧವರ ಮುಂದೆ ಇಡಬೇಕೆಂದು ಅಂದಿನಿಂದಲೂ ನಮ್ಮ ಮನಸ್ಸಿನಲ್ಲಿತ್ತು. ನಮ್ಮ ಸದಸ್ಯರಲ್ಲಿ ಕ್ರೈಸ್ತ ಮನೆಗಳು ಕೆಲವೇ ಇರಬಹುದು. ಆದರೂ ಯಾವುದಾದರೊಂದು ವ್ರತವನ್ನು ಹಿಡಿಯದ ಮನೆ ನಮ್ಮಲ್ಲಿ ಇಲ್ಲವೆಂದೇ ಹೇಳಬಹುದು. ಆದುದರಿಂದ ಈ ವಿಚಾರ ಎಲ್ಲರಿಗೂ ಸಲ್ಲುವಂಥದು.

ಹೆಸರು ಹಲವು, ಕಾಲ ಒಂದು

ಕನ್ನಡದ ಕಥೋಲಿಕರು ಇದನ್ನು ತಪಸ್ಸುಕಾಲ ಎನ್ನುತ್ತಾರೆ. ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಶ್ರಮೆಯ ದಿನಗಳು ಎಂಬ ಮಾತು ಕೇಳಿಬರುತ್ತದೆ. ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರು ಕರೆಜ್ಮ ಎನ್ನುವರು. ಅದು ನಲವತ್ತನೆಯದು ಎಂಬರ್ಥದ ಪೋರ್ಚುಗೀಸ್ ಮಾತಿನಿಂದ ಬಂದದ್ದು. ಚೆನ್ನೈಯಲ್ಲಿರುವ ನಮ್ಮವರಿಗೆ ತವಕ್ಕಾಲಂ ಎಂಬ ತಮಿಳು ಹೆಸರು ಪರಿಚಿತ. ದೆಹಲಿಯಲ್ಲಿರುವವರು ನೆರೆಯ ಕ್ರೈಸ್ತರು ಚಾಲೀಸಾ ಎನ್ನುವುದನ್ನು ಕೇಳಿರಬಹುದು. ಕೇರಳದ ಸುರಿಯಾನಿ ಕ್ರೈಸ್ತರದು ಐವತ್ತು ದಿನಗಳ ಲೆಕ್ಕ. ಅಂಬದು ನೋಂಬು ಎಂದೇ ಅದಕ್ಕೆ ಹೆಸರು. ಇಂಗ್ಲಿಷಿನವರ ಲೆಂಟ್ ಎಂಬ ಶಬ್ದಕ್ಕೆ ಮಾತ್ರ ಉಪವಾಸದ ಅರ್ಥವೇ ಇಲ್ಲ. ಅದು ವಸಂತ ಋತುವಿಗೆ ಅವರ ಹಳೆಯ ಭಾಷೆಯಲ್ಲಿದ್ದ ಹೆಸರು. ಹಗಲು ಉದ್ದವಾಗುತ್ತ ಹೋಗುವ ಕಾಲ, ಚಳಿಯಲ್ಲಿ ಸತ್ತಂತಿದ್ದ ನೆಲ ಚಿಗುರುವ ಕಾಲ. ಧಾರವಾಡದ ಹಿರಿಯರ ಬಿತ್ತನೆಯ ಮಾತು ಆ ಹೆಸರಿನಲ್ಲಿಯೇ ಅಡಗಿತ್ತೆಂಬುದು ನಮಗೆ ಆಮೇಲೆ ತಿಳಿಯಿತು.

ಪಶ್ಚಿಮದ ಸಂಪ್ರದಾಯದಲ್ಲಿ ಈ ಕಾಲ ಬೂದಿ ಬುಧವಾರದಿಂದ ಪ್ರಾರಂಭವಾಗುತ್ತದೆ. ಹಿಂದಿನ ವರ್ಷ ಗರಿಗಳ ಭಾನುವಾರದಂದು ಹರಸಿಕೊಟ್ಟ ಗರಿಗಳನ್ನು ಮನೆಮನೆಗಳಿಂದ ತರಿಸಿ ಸುಟ್ಟು, ಆ ಬೂದಿಯನ್ನು ಗುರುಗಳು ಜನರ ಹಣೆಗೆ ಇಡುತ್ತಾರೆ. ಜಯಕಾರ ಹಾಕಿ ಹಿಡಿದ ಹಸುರು ಗರಿಯೇ ವರ್ಷ ತುಂಬುವಷ್ಟರಲ್ಲಿ ಬೂದಿ! ಬೂದಿ ಇಡುವಾಗ ಹೇಳುವ ಮಾತು ಎರಡು ಬಗೆ. ಒಂದು, ಮನುಷ್ಯನು ಮಣ್ಣಿನಿಂದ ಬಂದವನು, ಮಣ್ಣಿಗೇ ಹೋಗುವವನು ಎಂದು ನೆನಪು ಮಾಡಿಕೊಡುತ್ತದೆ. ಇನ್ನೊಂದು, ಮನಸ್ಸು ತಿರುಗಿಸಿ ಶುಭಸಂದೇಶದಲ್ಲಿ ನಂಬಿಕೆಯಿಡು ಎನ್ನುತ್ತದೆ. ಮೊದಲನೆಯದು ನಾವು ಎಲ್ಲಿ ಮುಗಿಯುತ್ತೇವೆಂಬುದನ್ನು ಹೇಳಿದರೆ, ಎರಡನೆಯದು ಈಗ ಯಾವ ದಿಕ್ಕಿಗೆ ನಡೆಯಬೇಕೆಂಬುದನ್ನು ಹೇಳುತ್ತದೆ.

ಬೂದಿ ಬುಧವಾರದಿಂದ ಪಾಸ್ಕ ಹಬ್ಬದ ಹಿಂದಿನ ದಿನದವರೆಗೆ ಎಣಿಸಿದರೆ 46 ದಿನಗಳಾಗುತ್ತವೆ. ನಲವತ್ತೆಂದು ಹೇಳುವುದೇಕೆ ಎಂದು ಮಕ್ಕಳು ಕೇಳುವುದುಂಟು. ನಡುವಿನ ಆರು ಭಾನುವಾರಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಪ್ರತಿಯೊಂದು ಭಾನುವಾರವೂ ಪುನರುತ್ಥಾನದ ಹಬ್ಬವೇ ಆದುದರಿಂದ ಅಂದು ಉಪವಾಸ ಸಲ್ಲದು. ಪಾಸ್ಕ ಹಬ್ಬವಾದರೋ ನಮ್ಮ ಯುಗಾದಿಯಂತೆ ಚಂದ್ರನನ್ನು ನೋಡಿ ನಡೆಯುವ ಹಬ್ಬ. ಮಾರ್ಚಿ 21ರಂದು ಇಲ್ಲವೆ ಅದಾದ ಮೇಲೆ ಬರುವ ಮೊದಲ ಹುಣ್ಣಿಮೆಯ ಮುಂದಿನ ಭಾನುವಾರ ಅದು ಬೀಳುತ್ತದೆ. ಹೀಗಾಗಿ 2026ರಲ್ಲಿ ಬೂದಿ ಬುಧವಾರ ಫೆಬ್ರವರಿ 18, ಪಾಸ್ಕ ಏಪ್ರಿಲ್ 5. 2027ರಲ್ಲಿ ಫೆಬ್ರವರಿ 10 ಮತ್ತು ಮಾರ್ಚಿ 28.

ನಲವತ್ತೆಂಬ ಸಂಖ್ಯೆ ಬೈಬಲಿನ ಉದ್ದಕ್ಕೂ ಬರುತ್ತದೆ. ಮೋಶೆ ಸೀನಾಯಿ ಬೆಟ್ಟದ ಮೇಲೆ ನಲವತ್ತು ದಿನ ಇದ್ದನು. ಎಲೀಯನು ನಲವತ್ತು ದಿನ ನಡೆದು ಹೋರೇಬ್ ಬೆಟ್ಟವನ್ನು ಮುಟ್ಟಿದನು. ಇಸ್ರಾಯೇಲರು ನಲವತ್ತು ವರ್ಷ ಮರುಭೂಮಿಯಲ್ಲಿ ಅಲೆದರು. ಯೇಸುಸ್ವಾಮಿ ತಮ್ಮ ಬೋಧನೆಯ ಕಾರ್ಯವನ್ನು ಪ್ರಾರಂಭಿಸುವ ಮುನ್ನ ನಲವತ್ತು ದಿನ ಅಡವಿಯಲ್ಲಿ ಉಪವಾಸವಿದ್ದರು. ಇವುಗಳಲ್ಲಿ ಒಂದಾದರೂ ಬರಿಯ ಹಸಿವಿನ ಕಥೆಯಲ್ಲ ಎಂಬುದನ್ನು ಗಮನಿಸಬೇಕು. ಪ್ರತಿಯೊಂದರ ಕೊನೆಯಲ್ಲಿಯೂ ಒಂದು ಹೊಸ ಕೆಲಸವಿದೆ, ಹೊಸ ನೆಲವಿದೆ.

ಮೊದಲು ಇದು ಪಾಠಶಾಲೆಯಾಗಿತ್ತು

ತಪಸ್ಸುಕಾಲ ಹುಟ್ಟಿದ ಬಗೆಯನ್ನು ನೋಡಿದರೂ ಇದೇ ಅಂಶ ಕಾಣುತ್ತದೆ. ಮೊದಲ ಶತಮಾನಗಳಲ್ಲಿ ಕ್ರೈಸ್ತ ಧರ್ಮಕ್ಕೆ ಸೇರಬೇಕೆಂದಿದ್ದವರಿಗೆ ಪಾಸ್ಕದ ರಾತ್ರಿ ದೀಕ್ಷಾಸ್ನಾನ ಕೊಡುವ ರೂಢಿಯಿತ್ತು. ಅದಕ್ಕೆ ಮುಂಚಿನ ವಾರಗಳು ಅವರ ಸಿದ್ಧತೆಯ ಕಾಲ. 381ರಿಂದ 384ರವರೆಗೆ ಪವಿತ್ರ ಭೂಮಿಯಲ್ಲಿ ಯಾತ್ರೆ ಮಾಡಿದ ಎಗೇರಿಯ ಎಂಬ ಮಹಿಳೆ ಯೆರೂಸಲೇಮಿನಲ್ಲಿ ತಾನು ಕಂಡದ್ದನ್ನು ಬರೆದಿಟ್ಟಿದ್ದಾಳೆ. ಆ ನಲವತ್ತು ದಿನಗಳಲ್ಲಿ ಬಿಷಪರೇ ಬೆಳಗಿನ ಹೊತ್ತು ಗಂಟೆಗಟ್ಟಲೆ ಕುಳಿತು, ದೀಕ್ಷೆ ಪಡೆಯುವವರಿಗೆ ಧರ್ಮಗ್ರಂಥವನ್ನು ಆದಿಯಿಂದ ವಿವರಿಸುತ್ತಿದ್ದರಂತೆ. ಆಕೆಯ ಬರಹದ ಹಸ್ತಪ್ರತಿ ಇಟಲಿಯ ಅರೆತ್ಸೊ ನಗರದಲ್ಲಿ ದೊರೆತದ್ದು 1884ರಲ್ಲಿ. ಅಂದರೆ ತಪಸ್ಸುಕಾಲ ಮೊದಲು ಕಲಿಯುವ ಕಾಲವಾಗಿತ್ತು. ಕಲಿಯುವವರ ಜೊತೆಯಲ್ಲಿ ಉಳಿದವರೂ ಉಪವಾಸ ಹಿಡಿಯುತ್ತಿದ್ದರು.

325ರಲ್ಲಿ ನಿಸೇಯದಲ್ಲಿ ಸೇರಿದ ಧರ್ಮಸಭೆಯ ಐದನೆಯ ನಿಯಮದಲ್ಲಿ ಈ ನಲವತ್ತು ದಿನಗಳ ಪ್ರಸ್ತಾಪ ಬರುತ್ತದೆ. ಆ ನಿಯಮ ಇರುವುದು ಊಟದ ವಿಷಯಕ್ಕಲ್ಲ, ಜಗಳದ ವಿಷಯಕ್ಕೆ! ಯಾರನ್ನಾದರೂ ಬಿಷಪರು ಸಭೆಯಿಂದ ಹೊರಗೆ ಹಾಕಿದ್ದರೆ, ಅದು ಸಣ್ಣತನದಿಂದಲೊ ಹಟದಿಂದಲೊ ಆದದ್ದೇ ಎಂದು ಪ್ರಾಂತದ ಬಿಷಪರೆಲ್ಲ ವರ್ಷಕ್ಕೆರಡು ಸಲ ಕೂಡಿ ವಿಚಾರಿಸಬೇಕು. ಅದರಲ್ಲಿ ಒಂದು ಕೂಟ ನಲವತ್ತು ದಿನಗಳಿಗೆ ಮುಂಚೆಯೇ ನಡೆಯಬೇಕು. ಮನಸ್ತಾಪಗಳೆಲ್ಲ ತೀರಿದ ಮೇಲೆ ದೇವರಿಗೆ ಶುದ್ಧವಾದ ಕಾಣಿಕೆ ಸಲ್ಲಲಿ ಎಂಬುದು ಅದರ ಉದ್ದೇಶ. ಸುರಿಯಾನಿ ಆರ್ಥೊಡಾಕ್ಸ್ ಕ್ರೈಸ್ತರು ಇಂದಿಗೂ ವ್ರತದ ಮೊದಲ ಸೋಮವಾರ ಶುಬ್ಕೋನೊ ಎಂಬ ಕ್ಷಮಾಪಣೆಯ ವಿಧಿಯನ್ನು ನಡೆಸುತ್ತಾರೆ. ಪಾದ್ರಿಗಳೂ ಜನರೂ ಒಬ್ಬರನ್ನೊಬ್ಬರು ಕ್ಷಮೆ ಕೇಳಿಕೊಂಡ ನಂತರವೇ ವ್ರತ ಮುಂದುವರಿಯುವುದು. ಮುಂಬಯಿಯಲ್ಲಿ ಜೈನ ನೆರೆಹೊರೆಯವರು ಪರ್ಯೂಷಣದ ಕೊನೆಗೆ ಬಂದು ಕ್ಷಮೆ ಕೇಳುವುದನ್ನು ಕಂಡವರಿಗೆ ಇದರ ಸೊಗಸು ತಿಳಿಯುತ್ತದೆ.

ಆರನೆಯ ಶತಮಾನದ ಕೊನೆಯಲ್ಲಿದ್ದ ಮಹಾ ಗ್ರೆಗೊರಿ ಪೋಪರು ಮತ್ತೊಂದು ಲೆಕ್ಕ ಕೊಟ್ಟರು. ಆಗಿನ ಆರು ವಾರಗಳಲ್ಲಿ ಭಾನುವಾರಗಳನ್ನು ಕಳೆದರೆ ಉಪವಾಸದ ದಿನ 36. ವರ್ಷದ 365 ದಿನಗಳಲ್ಲಿ ಅದು ಹೆಚ್ಚುಕಡಮೆ ಹತ್ತರಲ್ಲೊಂದು ಪಾಲು. ಬೆಳೆಯಲ್ಲಿ ದೇವರಿಗೆ ದಶಮಾಂಶ ಕೊಡುವಂತೆ ಕಾಲದಲ್ಲಿಯೂ ದಶಮಾಂಶ ಕೊಟ್ಟಂತಾಯಿತು ಎಂದರು. ಪೂರ್ತಿ ನಲವತ್ತಾಗಲೆಂದು ಬುಧವಾರದಿಂದ ನಾಲ್ಕು ದಿನಗಳನ್ನು ಮುಂದಕ್ಕೆ ಸೇರಿಸಿದ್ದು ಆ ಮೇಲಿನ ಮಾತು.

ನಿಯಮವೂ ನೆವವೂ

ಹಿಂದಿನ ಕಾಲದ ನಿಯಮಗಳು ಕಠಿಣವಾಗಿದ್ದುವು. ಮಾಂಸ ಮಾತ್ರವಲ್ಲದೆ ಮೊಟ್ಟೆ, ಹಾಲು, ಬೆಣ್ಣೆ ಕೂಡ ಹಲವು ಕಡೆ ನಿಷಿದ್ಧವಾಗಿತ್ತು. 1966ರಲ್ಲಿ ಆರನೆಯ ಪೌಲ್ ಪೋಪರು ಈ ನಿಯಮಗಳನ್ನು ಹಗುರ ಮಾಡಿದರು. ಈಗ ಕಥೋಲಿಕರಿಗೆ ಕಡ್ಡಾಯವಾದ ಉಪವಾಸ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ, ಈ ಎರಡೇ ದಿನ. ಅದೂ 18 ತುಂಬಿದವರಿಂದ 59 ತುಂಬುವವರೆಗಿನವರಿಗೆ ಮಾತ್ರ. ಒಂದು ಹೊತ್ತು ಪೂರ್ತಿ ಊಟ, ಬೇಕಾದರೆ ಇನ್ನೆರಡು ಹೊತ್ತು ಅಲ್ಪಾಹಾರ. ನಮ್ಮವರ ಒಪ್ಪೊತ್ತಿಗೆ ಇದು ಹತ್ತಿರದ್ದೇ. ಮಾಂಸ ವರ್ಜಿಸುವ ನಿಯಮ 14 ವರ್ಷ ತುಂಬಿದವರಿಗೆಲ್ಲ ಇದೆ. ಶುಕ್ರವಾರಗಳ ಮಾಂಸವರ್ಜನೆಗೆ ಬದಲಾಗಿ ಬೇರೆ ತಪಸ್ಸನ್ನೊ ದಾನಧರ್ಮವನ್ನೊ ಗೊತ್ತುಪಡಿಸುವ ಅಧಿಕಾರ ಆಯಾ ದೇಶದ ಬಿಷಪರ ಮಂಡಲಿಗಿದೆ. ರೋಗಿಗಳು, ಗರ್ಭಿಣಿಯರು, ಬಾಣಂತಿಯರು ದೇಹವನ್ನು ದಂಡಿಸಬೇಕಾಗಿಲ್ಲ. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಬಿಡುವುದು ಭಕ್ತಿಯಲ್ಲ, ಅವಿವೇಕ.

ನಿಯಮ ಹಗುರಾಯಿತೆಂದರೆ ಭಾರ ಹೋಯಿತೆಂದಲ್ಲ. ಆ ಭಾರ ಹೊಟ್ಟೆಯಿಂದ ಮನಸ್ಸಿಗೆ ವರ್ಗವಾಯಿತೆಂದು ತಿಳಿಯಬೇಕು. ಇಲ್ಲವಾದರೆ ನಿಯಮದ ಮಧ್ಯೆ ನೆವ ನುಸುಳುತ್ತದೆ. ನಮ್ಮ ಮನೆಯ ಉದಾಹರಣೆಯನ್ನೇ ಹೇಳುತ್ತೇವೆ. ಮುಂಬಯಿಗೆ ಬಂದ ಹೊಸದರಲ್ಲಿ ನಾವು ಶುಕ್ರವಾರ ಮಾಂಸ ಬಿಟ್ಟು ಪಾಪ್ಲೆಟ್ ಮೀನನ್ನು ತಂದು ಹುರಿದು ತಿನ್ನುತ್ತಿದ್ದೆವು. ಅದರ ಬೆಲೆ ಕುರಿಮಾಂಸಕ್ಕಿಂತ ಏನೂ ಕಡಮೆಯಿರಲಿಲ್ಲ! ನಿಯಮಕ್ಕೆ ಭಂಗವಿಲ್ಲ, ನಾಲಗೆಗೂ ಭಂಗವಿಲ್ಲ. ಏಕಾದಶಿಯ ಫಲಾಹಾರದಲ್ಲಿ ತುಪ್ಪದ ಅವಲಕ್ಕಿ, ಸಾಬೂದಾಣಿ ವಡೆ, ಬಾಳೆಹಣ್ಣಿನ ಸೀಕರಣೆ ಸೇರಿ ಊಟವನ್ನೇ ಮೀರಿಸುವುದನ್ನು ಕಂಡ ನಮ್ಮ ಓದುಗರು ಇದನ್ನು ಕೇಳಿ ನಗದಿರಲಾರರು.

ಇನ್ನೊಂದು ಅಪಾಯವೂ ಉಂಟು. ಬಿಟ್ಟವನಿಗೆ ಬಿಟ್ಟೆನೆಂಬ ಬಿಂಕ. ಹಸಿದವನಿಗೆ ಸಿಡುಕು. ನಾಲ್ಕನೆಯ ಶತಮಾನದ ಯೋವಾನ್ನ ಕ್ರಿಸೊಸ್ತೊಮರು ಈ ಎರಡನ್ನೂ ಬಲ್ಲವರು. 387ರಲ್ಲಿ ಅಂತಿಯೋಕ್ಯ ನಗರದ ಜನ ತೆರಿಗೆಯ ಸಿಟ್ಟಿನಲ್ಲಿ ಚಕ್ರವರ್ತಿಯ ಮನೆತನದ ಪ್ರತಿಮೆಗಳನ್ನು ಉರುಳಿಸಿ, ದಂಡನೆಯ ಭಯದಿಂದ ನಡುಗುತ್ತಿದ್ದರು. ಆ ತಪಸ್ಸುಕಾಲದಲ್ಲಿ ಕ್ರಿಸೊಸ್ತೊಮರು ಅವರಿಗೆ ಉಪದೇಶಗಳನ್ನು ಕೊಟ್ಟರು. ಬಾಯಿಯಷ್ಟೆ ಉಪವಾಸವಿದ್ದರೆ ಏನು ಫಲ, ಕಣ್ಣೂ ಕಿವಿಯೂ ಕೈಕಾಲೂ ಉಪವಾಸವಿರಲಿ. ಕೋಳಿಯನ್ನೂ ಮೀನನ್ನೂ ಬಿಟ್ಟು ಒಡಹುಟ್ಟಿದವರನ್ನು ಕಚ್ಚಿ ತಿನ್ನುವುದು ಯಾವ ವ್ರತ ಎಂಬುದು ಅವರ ಮಾತಿನ ಸಾರ. ಅವರಿಗಿಂತ ಬಹು ಹಿಂದೆ ಯೆಶಾಯ ಪ್ರವಾದಿಯೂ ಹೇಳಿದ್ದು ಇದನ್ನೇ. ಹಸಿದವನಿಗೆ ಅನ್ನ ಕೊಡುವುದು, ಮನೆಯಿಲ್ಲದವನಿಗೆ ನೆರಳು ಕೊಡುವುದು, ಕಟ್ಟಿಹಾಕಿದವನ ಕಟ್ಟು ಬಿಚ್ಚುವುದು, ದೇವರಿಗೆ ಒಪ್ಪುವ ಉಪವಾಸ ಇವೇ ಎಂಬುದು ಪ್ರವಾದಿಯ ಅಭಿಪ್ರಾಯ.

ಹಿಡಿಯುವುದು ಯಾವುದನ್ನು?

ಸಂತ ಮತ್ತಾಯರ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಮೂರು ಕೆಲಸಗಳನ್ನು ಒಟ್ಟಿಗೆ ಹೇಳುತ್ತಾರೆ: ದಾನ, ಪ್ರಾರ್ಥನೆ, ಉಪವಾಸ. ಈ ಮೂರನ್ನೂ ಗುಟ್ಟಾಗಿ ಮಾಡಬೇಕು, ಡಂಗುರ ಹೊಡೆಯಕೂಡದು. ಬೂದಿ ಬುಧವಾರ ದೇವಾಲಯದಲ್ಲಿ ಓದುವುದು ಇದೇ ಭಾಗವನ್ನು. ಮೂರು ಕಾಲಿನ ಮಣೆಯಂತೆ ಇವು ಒಂದನ್ನೊಂದು ಹೊತ್ತಿವೆ. ಒಂದು ಹೊತ್ತಿನ ಊಟ ಬಿಟ್ಟರೆ ಸ್ವಲ್ಪ ಹಣ ಉಳಿಯುತ್ತದೆ, ಸ್ವಲ್ಪ ಸಮಯವೂ ಉಳಿಯುತ್ತದೆ. ಹಣ ದಾನಕ್ಕೆ, ಸಮಯ ಪ್ರಾರ್ಥನೆಗೆ. ಉಳಿದ ಹಣ ಮತ್ತೆ ನಮ್ಮ ಜೇಬಿಗೇ ಇಳಿದರೆ ಅದು ಮಿತವ್ಯಯವಾದೀತೇ ಹೊರತು ತಪಸ್ಸಾಗದು. ನಮ್ಮ ಶರಣರು ಕಾಯಕದ ಬೆನ್ನಿಗೇ ದಾಸೋಹವನ್ನು ಇಟ್ಟದ್ದು ಈ ವಿವೇಕದಿಂದಲೇ ಅಲ್ಲವೆ?

ಕನ್ನಡದಲ್ಲಿಯೂ ಬಳಕೆಯಾಗುವ ಉಪವಾಸ ಎಂಬ ಶಬ್ದವನ್ನೇ ನೋಡಿ. ಅದರಲ್ಲಿ ಹಸಿವೆಯ ಮಾತಿಲ್ಲ. ಉಪ ಎಂದರೆ ಹತ್ತಿರ, ವಾಸ ಎಂದರೆ ಇರುವುದು. ಯಾರ ಹತ್ತಿರ ಇರುತ್ತೇವೆ ಎಂಬುದೇ ಮುಖ್ಯ. ಊಟ ಬಿಡುವುದು ಅದಕ್ಕೆ ಜಾಗ ಮಾಡಿಕೊಡುವ ಉಪಾಯ ಮಾತ್ರ.

ಆರನೆಯ ಶತಮಾನದ ಸಂತ ಬೆನೆಡಿಕ್ಟರು ತಮ್ಮ ಮಠದವರಿಗೆ ಬರೆದ ನಿಯಮಾವಳಿಯಲ್ಲಿ ತಪಸ್ಸುಕಾಲಕ್ಕೇ ಒಂದು ಪುಟ್ಟ ಅಧ್ಯಾಯವಿದೆ. ಸನ್ಯಾಸಿಯ ಬಾಳು ವರ್ಷವಿಡೀ ಹೀಗೆಯೇ ಇರಬೇಕು. ಅಷ್ಟು ಶಕ್ತಿ ಎಲ್ಲರಿಗೂ ಇಲ್ಲವಾದ್ದರಿಂದ ಈ ದಿನಗಳಲ್ಲಾದರೂ ಇರಲಿ ಎನ್ನುತ್ತಾರೆ. ಪ್ರತಿಯೊಬ್ಬನೂ ದಿನದ ಕರ್ತವ್ಯಕ್ಕಿಂತ ಏನನ್ನಾದರೂ ಹೆಚ್ಚಾಗಿ ಸಲ್ಲಿಸಲಿ, ಆದರೆ ಸಂತೋಷದಿಂದ ಸಲ್ಲಿಸಲಿ, ಮಠಾಧಿಪತಿಗೆ ತಿಳಿಸಿಯೇ ಸಲ್ಲಿಸಲಿ ಎಂದು ವಿಧಿಸುತ್ತಾರೆ. ಇನ್ನೊಂದು ಅಧ್ಯಾಯದಲ್ಲಿ, ತಪಸ್ಸುಕಾಲದ ಮೊದಲಲ್ಲಿ ಪ್ರತಿಯೊಬ್ಬನಿಗೂ ಪುಸ್ತಕ ಭಂಡಾರದಿಂದ ಒಂದೊಂದು ಪುಸ್ತಕ ಕೊಡಬೇಕು, ಅದನ್ನು ಮೊದಲಿನಿಂದ ಕೊನೆಯವರೆಗೆ ಬಿಡದೆ ಓದಬೇಕು ಎಂದಿದೆ. ಹದಿನೈದು ಶತಮಾನಗಳ ಹಿಂದೆ ಉಪವಾಸದ ಜೊತೆಗೆ ಪುಸ್ತಕವನ್ನು ಕೈಗೆ ಕೊಟ್ಟ ಈ ಸಂತರು ನಮಗೆ ಬಹಳ ಹಿಡಿಸಿದರು. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಆರಾಧನಾ ಶಾಸನವೂ ತಪಸ್ಸು ಮನಸ್ಸಿನೊಳಗೇ ಉಳಿಯದೆ ಸಮಾಜಮುಖಿಯೂ ಆಗಿರಬೇಕೆಂದು ಹೇಳಿತು. ದೇಶಭಾಷೆಗಳಲ್ಲಿ ಪೂಜೆ ನಡೆಯಲು ಬಾಗಿಲು ತೆರೆದದ್ದೂ ಅದೇ ಶಾಸನ.

ನಮ್ಮ ಮನೆಯ ಏಳು ಶುಕ್ರವಾರಗಳು

ಓದುಗರು ಕ್ಷಮಿಸಬೇಕು, ಇಲ್ಲಿಂದ ಮುಂದೆ ಸ್ವಂತ ವಿಷಯ.

ನಮ್ಮ ಊರು ಮೈಸೂರು ಕಡೆಯ ಒಂದು ಹಳ್ಳಿ. ತಂದೆಯವರು ತೀರಿಕೊಂಡ ಮೇಲೆ ಎರಡು ಎಕರೆ ತೆಂಗಿನ ತೋಟದ ಭಾಗದ ವಿಷಯದಲ್ಲಿ ನಮಗೂ ತಮ್ಮನಿಗೂ ಮಾತು ಬೆಳೆಯಿತು. "ಊರಲ್ಲಿ ಕೂತು ತಿಂದವನಿಗೆ ಲೆಕ್ಕ ಏನು ಗೊತ್ತು" ಎಂಬೊಂದು ಮಾತು ನಮ್ಮ ಬಾಯಿಂದ ಬಂತು. ತಂದೆಯ ಕಾಯಿಲೆಯಲ್ಲಿ ಎರಡು ವರ್ಷ ಆರೈಕೆ ಮಾಡಿದವನು ಅವನು. ಆ ಮಾತನ್ನು ಅವನು ಮರೆಯಲಿಲ್ಲ, ನಾವು ಹಿಂತೆಗೆದುಕೊಳ್ಳಲೂ ಇಲ್ಲ. ಐದು ವರ್ಷ ಮಾತಿಲ್ಲ. ತಾಯಿ ಇರುವುದು ಅವನ ಮನೆಯಲ್ಲಿಯೇ. ಅವರೊಡನೆ ಮಾತಾಡಬೇಕಾದಾಗ ನೆರೆಮನೆಯ ಮಾಸ್ತರರಿಗೆ ಫೋನ್ ಮಾಡುತ್ತಿದ್ದೆವು. ಅವರು ತಾಯಿಯನ್ನು ಜಗಲಿಗೆ ಕರೆತಂದು ಕೂರಿಸಿ ಫೋನ್ ಕೊಡುತ್ತಿದ್ದರು. ಈ ಐದು ವರ್ಷಗಳಲ್ಲಿ ಐದು ತಪಸ್ಸುಕಾಲಗಳನ್ನು ನಾವು ಲೋಪವಿಲ್ಲದೆ ಆಚರಿಸಿದ್ದೆವು ಎಂಬುದನ್ನು ನಾಚಿಕೆಯಿಂದ ಬರೆಯುತ್ತಿದ್ದೇವೆ.

2025ರ ಆದಿಯಲ್ಲಿ ಎರಡು ಸಂಗತಿಗಳಾದುವು. ತಾಯಿಯ ಕಣ್ಣಿನ ಬೆಳಕು ಪೂರ್ತಿ ಹೋಯಿತು. ಮಾಸ್ತರರು ಮಗನ ಮನೆಗೆಂದು ಮೈಸೂರಿಗೆ ಹೊರಟುಹೋದರು. ತಾಯಿ ವರ್ಷವರ್ಷವೂ ತಪಸ್ಸುಕಾಲದ ಶುಕ್ರವಾರಗಳಲ್ಲಿ ಶಿಲುಬೆಹಾದಿಯ ಪುಸ್ತಕವನ್ನು ಕೈಯಲ್ಲಿ ಹಿಡಿದು, ಯೇಸುವಿನ ಯಾತನೆಯ ಹದಿನಾಲ್ಕು ಸ್ಥಳಗಳ ಪ್ರಾರ್ಥನೆಯನ್ನು ಗಟ್ಟಿಯಾಗಿ ಓದುವವರು. ಈಗ ಓದುವುದಕ್ಕಾಗದೆ ಕೊರಗುತ್ತಾರೆ ಎಂದು ಮಾಸ್ತರರು ಹೊರಡುವ ಮೊದಲು ತಿಳಿಸಿದ್ದರು.

ಬೂದಿ ಬುಧವಾರದ ರಾತ್ರಿ ನಮ್ಮ ಮನೆಯಾಕೆ, "ಈ ಸಲ ಏನನ್ನೂ ಬಿಡುವುದು ಬೇಡ. ಮಕ್ಕಳ ಕೈಯಲ್ಲಿ ಅಜ್ಜಿಗೆ ಶಿಲುಬೆಹಾದಿ ಓದಿಸೋಣ" ಎಂದರು. ನಾವು, "ಫೋನ್ ಮಾಡುವುದು ಯಾರಿಗೆ?" ಎಂದೆವು. "ಇನ್ನಾರಿಗೆ? ಅವರ ಮಗನಿಗೆ" ಎಂದರು. ನಮಗೆ ಆ ಕೂಟದ ಪ್ರಶ್ನೆ ನೆನಪಾಯಿತು. ಬಿಡುವುದಕ್ಕಿಂತ ಹಿಡಿಯುವುದು ಕಷ್ಟವೆಂದು ಆಗ ಅರಿವಾಯಿತು. ಸಿಹಿಯನ್ನು ಬಿಡುವುದಕ್ಕೆ ಬೇಕಾಗುವುದು ಹಟ. ಹಟ ನಮ್ಮಲ್ಲಿ ಧಾರಾಳವಾಗಿಯೇ ಇತ್ತು.

ತಪಸ್ಸುಕಾಲದಲ್ಲಿ ಶುಭ ಶುಕ್ರವಾರವೂ ಸೇರಿ ಏಳು ಶುಕ್ರವಾರಗಳು. ವಾರಕ್ಕೆ ಎರಡು ಸ್ಥಳಗಳಂತೆ ಓದಿದರೆ ಹದಿನಾಲ್ಕೂ ಸರಿಯಾಗಿ ಮುಗಿಯುತ್ತವೆ. ನಮ್ಮ ಮಗಳಿಗೆ ಹನ್ನೆರಡು, ಮಗನಿಗೆ ಒಂಬತ್ತು. ಸಂಘದ ಭಾನುವಾರದ ತರಗತಿಯಲ್ಲಿ ಕಲಿತ ಕನ್ನಡ. ಒತ್ತಕ್ಷರ ಬಂದಲ್ಲಿ ಎಡವುವುದು ಸಹಜ. ಮೊದಲ ಶುಕ್ರವಾರ, ಮಾರ್ಚಿ 7ರ ಸಂಜೆ, ಮಗಳೇ ಫೋನ್ ಮಾಡಿದಳು. "ಚಿಕ್ಕಪ್ಪಾ, ಅಜ್ಜಿಗೆ ಕೊಡ್ತೀರಾ?" ಎಂದಳು. ಆ ಕಡೆ ಒಂದು ಕ್ಷಣ ಮೌನ. ಮಾತಿಲ್ಲದೆಯೇ ಫೋನ್ ಕೈಬದಲಾಯಿತು. ಮಕ್ಕಳು ಓದಿದರು. ಅಜ್ಜಿ ಪ್ರತಿ ಪ್ರಾರ್ಥನೆಗೂ ಆಮೆನ್ ಎಂದರು. ಎರಡನೆಯ ವಾರದ ಓದಿನಲ್ಲಿ ಸ್ವಾಮಿ ದಾರಿಯಲ್ಲಿ ತಾಯಿಯನ್ನು ಕಾಣುವ ನಾಲ್ಕನೆಯ ಸ್ಥಳ ಬಂತು. ಅಂದು ಆಮೆನ್ ಕೇಳಿಸಲಿಲ್ಲ, ಮೂಗು ಒರೆಸಿಕೊಂಡದ್ದು ಕೇಳಿಸಿತು.

ಮೂರನೆಯ ವಾರ ಐದನೆಯ ಸ್ಥಳ. ಶಿಲುಬೆ ಹೊರಲಾರದೆ ಸ್ವಾಮಿ ಕುಸಿಯುತ್ತಿದ್ದಾಗ, ಹೊಲದಿಂದ ಬರುತ್ತಿದ್ದ ಸಿರೇನ್ ಊರಿನ ಸಿಮೋನನನ್ನು ಹಿಡಿದು ಹೆಗಲು ಕೊಡಿಸುವ ಪ್ರಸಂಗ. ಮಗ ಓದುತ್ತ ಓದುತ್ತ ಒಂದು ಕಡೆ ತಡವರಿಸಿ ನಿಂತ. ಅಜ್ಜಿಯ ಹಿಂದಿನಿಂದ ಗಂಡು ದನಿಯೊಂದು ಆ ಶಬ್ದವನ್ನು ಬಿಡಿಸಿ ಹೇಳಿಕೊಟ್ಟಿತು. ನಮ್ಮ ತಮ್ಮ ಹತ್ತಿರವೇ ನಿಂತು ಕೇಳುತ್ತಿದ್ದ! ಚಿಕ್ಕಂದಿನಲ್ಲಿ ನಾವಿಬ್ಬರೂ ಅದೇ ಪುಸ್ತಕವನ್ನು ಅದೇ ಜಗಲಿಯಲ್ಲಿ ಸರದಿಯ ಮೇಲೆ ಓದಿದವರು.

ಐದನೆಯ ಶುಕ್ರವಾರ ಓದು ಮುಗಿದ ಮೇಲೆ ಫೋನನ್ನು ನಾವು ತೆಗೆದುಕೊಂಡೆವು. "ಅಂದು ಆಡಿದ ಮಾತು ತಪ್ಪು, ಕಣಪ್ಪ" ಎಂದೆವು. ಇನ್ನೇನೂ ಬಾಯಿಂದ ಹೊರಡಲಿಲ್ಲ. ಅವನು ಬಹಳ ಹೊತ್ತು ಸುಮ್ಮನಿದ್ದು, "ಊಟ ಆಯ್ತಾ ಅಣ್ಣ?" ಎಂದ. "ಇಲ್ಲ, ಇವತ್ತು ಒಪ್ಪೊತ್ತು" ಎಂದೆವು. "ಇಲ್ಲೂ ಅಷ್ಟೆ. ಅಮ್ಮನಿಗೆ ಮಾತ್ರ ಗಂಜಿ ಕೊಟ್ಟೆ" ಎಂದ. ಐದು ವರ್ಷಗಳ ಮೇಲೆ ಅಣ್ಣತಮ್ಮಂದಿರು ಆಡಿದ ಮಾತು ಇಷ್ಟೆ.

ತೋಟದ ಭಾಗ ಇನ್ನೂ ಇತ್ಯರ್ಥವಾಗಿಲ್ಲ. ಅಳತೆಯಾಗಬೇಕು, ಕಾಗದಪತ್ರಗಳಾಗಬೇಕು. ಇಬ್ಬರ ಅಭಿಪ್ರಾಯವೂ ಇನ್ನೂ ಬೇರೆಬೇರೆಯೇ. ಆದರೆ ಈಗ ಆ ವಿಷಯವನ್ನು ಎದುರುಬದುರು ಕುಳಿತು ಮಾತಾಡುತ್ತೇವೆ. ಆ ಮೇ ತಿಂಗಳಲ್ಲಿ ಮಕ್ಕಳನ್ನು ಕರೆದುಕೊಂಡು ಊರಿಗೆ ಹೋದೆವು. ಅಜ್ಜಿ ಮಕ್ಕಳ ಮುಖವನ್ನು ಕೈಯಿಂದ ಸವರಿ, "ಓದಿದ ಕೂಸು ಯಾವುದು?" ಎಂದು ಕೇಳಿದರು. ಇಬ್ಬರೂ ನಾನು ನಾನು ಎಂದು ಮುಂದೆ ಬಂದರು.

ಪರಊರಿನ ಮನೆಗಳಿಗೆ ಕೆಲವು ಸೂಚನೆ

ನಮ್ಮಂತೆ ಊರು ಬಿಟ್ಟು ಬಂದವರಿಗೆ ಈ ಕಾಲದಲ್ಲಿ ಬಿತ್ತಬಹುದಾದ ಬೀಜಗಳು ಇನ್ನೂ ಹಲವಿವೆ. ಎಲ್ಲವನ್ನೂ ಹಿಡಿಯಹೊರಟರೆ ಒಂದೂ ಕೈಗೆ ಬರುವುದಿಲ್ಲ. ಒಂದನ್ನು ಹಿಡಿದು ನಲವತ್ತು ದಿನ ನಡೆಸಿದರೆ ಸಾಕು.

ಮನೆಯಲ್ಲಿ ಒಂದು ಡಬ್ಬಿ ಇಡಿ. ಬಿಟ್ಟ ತಿಂಡಿಯ, ಬಿಟ್ಟ ಸಿನಿಮಾದ ಹಣ ಅಂದಂದೇ ಅದರೊಳಕ್ಕೆ ಬೀಳಲಿ. ಎಷ್ಟಾಯಿತೆಂದು ಮಕ್ಕಳೇ ಎಣಿಸಲಿ, ಯಾರಿಗೆ ಹೋಗಬೇಕೆಂಬುದನ್ನು ಮನೆಯವರೆಲ್ಲ ಕೂಡಿ ನಿರ್ಧರಿಸಲಿ. 1962ರಲ್ಲಿ ಸ್ಥಾಪಿತವಾದ ಕಾರಿತಾಸ್ ಇಂಡಿಯ ಸಂಸ್ಥೆಯಂತಹ ದೊಡ್ಡ ಸೇವೆಗಳಿಗೂ ಜನ ತಪಸ್ಸುಕಾಲದಲ್ಲಿ ಕಾಣಿಕೆ ಕೊಡುತ್ತಾರೆ. ಕೆಲವೊಮ್ಮೆ ನಮ್ಮ ಕಟ್ಟಡದ ಕಾವಲುಗಾರನ ಮಗಳ ಶಾಲೆಯ ಫೀಸೇ ಹತ್ತಿರದ ದಾನವಾಗಿರುತ್ತದೆ.

ನಮ್ಮ ಕಡೆಯ ಹಿರಿಯರು, ಮಕ್ಕಳು ಹೊರದೇಶದಲ್ಲಿದ್ದು ಒಂಟಿಯಾಗಿ ಇರುವವರು, ಈಗ ಎಲ್ಲ ಬಡಾವಣೆಗಳಲ್ಲಿಯೂ ಇದ್ದಾರೆ. ವಾರಕ್ಕೊಮ್ಮೆ ಅವರ ಮನೆಗೆ ಹೋಗಿ ಅರ್ಧ ಗಂಟೆ ಕನ್ನಡದಲ್ಲಿ ಮಾತಾಡಿ ಬನ್ನಿ. ಮಾತೃಭಾಷೆಯ ಹಸಿವೆಯೂ ಒಂದು ಹಸಿವೆಯೇ.

ಬೆನೆಡಿಕ್ಟರ ಪುಸ್ತಕದ ನಿಯಮವನ್ನು ನಾವೂ ಪಾಲಿಸಬಹುದು. ನಲವತ್ತು ದಿನಕ್ಕೆ ಒಂದು ಕನ್ನಡ ಪುಸ್ತಕ. ಕ್ರಿಸ್ತನ ವಿಷಯದಲ್ಲಿಯೇ ಓದಬೇಕೆಂದರೆ ನಮ್ಮಲ್ಲಿ ಕೊರತೆಯಿಲ್ಲ. 1894ರಲ್ಲಿ ಹೊರಬಂದ ಹಿರಿಯ ನಿಘಂಟಿನ ಕರ್ತೃ ಕಿಟ್ಟೆಲರು, ಅದಕ್ಕೂ ಎಷ್ಟೋ ಮುಂಚೆ 1862ರಲ್ಲಿಯೇ, ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿಗೆ ಅಳವಡಿಸಿ ಕಥಾಮಾಲೆ ಎಂಬ ಕಾವ್ಯವನ್ನು ಪ್ರಕಟಿಸಿದರು. ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳು (1883-1963) ಶುಭ ಶುಕ್ರವಾರದ ಶಿಲುಬೆಯ ಘಟನೆಯನ್ನೇ ವಸ್ತುವಾಗಿ ಹಿಡಿದು ಗೊಲ್ಗೊಥಾ ಎಂಬ ಖಂಡಕಾವ್ಯ ಬರೆದರು. ಕ್ರೈಸ್ತರಲ್ಲದ ಅವರು ಕ್ರಿಸ್ತನ ಕೊನೆಯ ದಿನವನ್ನೂ, ವೈಶಾಖಿಯಲ್ಲಿ ಬುದ್ಧನ ಕೊನೆಯ ದಿನವನ್ನೂ ಕನ್ನಡಿಗರಿಗೆ ಕಟ್ಟಿಕೊಟ್ಟರು. ಅವರ ಊರು ಈಗ ಕೇರಳದಲ್ಲಿದೆ. ಗಡಿಯಾಚೆಯಿಂದಲೂ ಕನ್ನಡ ಬೆಳಗಬಹುದೆಂಬುದಕ್ಕೆ ಅವರಿಗಿಂತ ಬೇರೆ ಸಾಕ್ಷಿ ಬೇಕೆ?

ಕೊನೆಯದಾಗಿ, ಮಾತು ಬಿಟ್ಟವರು ಯಾರಾದರೂ ಇದ್ದರೆ ಅವರಿಗೆ ಒಂದು ಕರೆ. ಆ ಕಡೆಯಿಂದ ಉತ್ತರ ಬರದೆಯೂ ಇರಬಹುದು. ಬಿತ್ತುವವನ ಕೈಯಲ್ಲಿರುವುದು ಬೀಜವಷ್ಟೆ, ಮಳೆಯಲ್ಲ.

ಕದ ತೆರೆಯುವ ರಾತ್ರಿ

ತಪಸ್ಸುಕಾಲದುದ್ದಕ್ಕೂ ದೇವಾಲಯದಲ್ಲಿ ಊದಾ ಬಣ್ಣದ ವಸ್ತ್ರ. ಅಲ್ಲೆಲೂಯ ಗಾನವಿಲ್ಲ. ಪವಿತ್ರ ಗುರುವಾರದ ಸಂಜೆ ಗಂಟೆಗಳೂ ಮೌನ ತಾಳುತ್ತವೆ. ಅವುಗಳ ಬದಲು ಮರದ ತುಂಡುಗಳ ಕಟಕಟ ಸದ್ದು. ಅಂದು ಗುರುಗಳು ಮೊಣಕಾಲೂರಿ ಜನರ ಪಾದ ತೊಳೆಯುತ್ತಾರೆ. ಶುಭ ಶುಕ್ರವಾರ ಬಲಿಪೂಜೆಯೇ ಇಲ್ಲ. ಶನಿವಾರ ರಾತ್ರಿ ದೀಪಗಳನ್ನೆಲ್ಲ ಆರಿಸಿದ ಕತ್ತಲೆಯಲ್ಲಿ, ಹೊರಗೆ ಹೊತ್ತಿಸಿದ ಹೊಸ ಬೆಂಕಿಯಿಂದ ಒಂದೇ ಒಂದು ದೊಡ್ಡ ಮೇಣದ ಬತ್ತಿಗೆ ಜ್ವಾಲೆ ತಗಲಿಸಿ ಒಳಕ್ಕೆ ತರುತ್ತಾರೆ. ಆ ಬತ್ತಿಯಿಂದ ಪಕ್ಕದವರ ಬತ್ತಿಗೆ, ಅವರಿಂದ ಅವರ ಪಕ್ಕದವರಿಗೆ ಬೆಳಕು ಹರಡುತ್ತದೆ. ಆಮೇಲೆ ಗಂಟೆಗಳೆಲ್ಲ ಒಮ್ಮೆಲೆ ಮೊಳಗುತ್ತವೆ.

2025ರ ಏಪ್ರಿಲ್ 19ರ ಆ ರಾತ್ರಿ ಪೂಜೆ ಮುಗಿಸಿ ಮನೆಗೆ ಬರುವಾಗ ಹನ್ನೆರಡು ದಾಟಿತ್ತು. ಕೈಯಲ್ಲಿದ್ದ ಫೋನ್ ಮೊಳಗಿತು. ಈ ಸಲ ಕರೆ ಬಂದದ್ದು ಆ ಕಡೆಯಿಂದ. "ಅಣ್ಣಾ, ಅಮ್ಮ ನಿದ್ದೆ ಮಾಡಿಲ್ಲ, ಮಕ್ಕಳಿಗೆ ಹಬ್ಬದ ಶುಭಾಶಯ ಹೇಳಬೇಕಂತೆ" ಎಂದ ತಮ್ಮ.

ಧಾರವಾಡದ ಹಿರಿಯರಿಗೆ ಉತ್ತರ ಹೇಳುವುದಕ್ಕೆ ನಮಗೆ ಹಿಡಿದದ್ದು ಒಂದು ವರ್ಷ. ಮುಂದಿನ ಕೂಟದಲ್ಲಿ ಅವರ ಪಕ್ಕದಲ್ಲಿ ಕುಳಿತು ನಡೆದದ್ದನ್ನೆಲ್ಲ ತಿಳಿಸಿದೆವು. ಅವರು ತಮ್ಮ ತಟ್ಟೆಯ ಆಂಬೊಡೆಯೊಂದನ್ನು ಎತ್ತಿ ನಮ್ಮ ತಟ್ಟೆಗೆ ಹಾಕಿ, "ಈಗ ತಿನ್ನರಿ, ನಿಮ್ಮ ಬೆಳಿ ಬಂತು" ಎಂದರು.

ನಮ್ಮ ಓದುಗ ಬಾಂಧವರು ಯಾವ ವ್ರತವನ್ನೇ ಹಿಡಿಯಲಿ, ಯಾವ ಹೆಸರಿನಿಂದಲೇ ದೇವರನ್ನು ಕರೆಯಲಿ, ಅವರ ಹೊಲದಲ್ಲಿಯೂ ಕಳೆ ಕಿತ್ತ ಜಾಗದಲ್ಲಿ ಒಳ್ಳೆಯ ಬೆಳೆ ಬರಲಿ ಎಂದು ಹಾರೈಸುತ್ತೇವೆ.